ಕರಾಚಿಗೆ ಹೊರಟ ಬುತ್ತಿ

ನಮ್ಮಣ್ಣ ಈಶಪ್ಪನಿಗೆ ವಿಮಾನದ ಬಗ್ಗೆ ಎಲ್ಲವೂ ಗೊತ್ತಿತ್ತು. ನಮ್ಮ ಮನೆತನಕ್ಕೆ ಬಂದ ಕಷ್ಟಗಳಲ್ಲೆಲ್ಲ ಇದೇ ದೊಡ್ಡದು. ಪ್ಲೇಗು ಬಂದರೆ ಊರ ಹೊರಗೆ ಗುಡಿಸಲು ಹಾಕಿಕೊಂಡು ನಾಲ್ಕು ತಿಂಗಳು ಕಳೆಯಬಹುದು. ಮನೆಯಲ್ಲೇ ಒಬ್ಬ ತಿಳಿದವನಿದ್ದರೆ ಎಲ್ಲಿಗೆ ಹೋಗಿ ಗುಡಿಸಲು ಹಾಕುವುದು?

ಯಲಬುರ್ಗಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಅಣ್ಣ ಗಲ್ಲೆಯ ಮುಂದೆ ಕೂತು ಮಾತಾಡುತ್ತಿದ್ದ, ನಾನು ಹಿಂದೆ ನಿಂತು ತೂಗುತ್ತಿದ್ದೆ. ಒಮ್ಮೆ ಬೆಲ್ಲ ಖರೀದಿಗೆಂದು ಬಳ್ಳಾರಿಗೆ ಹೋದವನು, ಅಲ್ಲಿನ ಮೈದಾನದಲ್ಲಿ ಟಪಾಲು ವಿಮಾನ ಇಳಿಯುವುದನ್ನು ಬೇಲಿಯ ಆಚೆ ನಿಂತು ನೋಡಿದ. ಪಕ್ಕದಲ್ಲಿ ಪುಠಾಣಿ ತಿನ್ನುತ್ತ ನಿಂತಿದ್ದ ಯಾರನ್ನೋ ವಿಚಾರಿಸಿದ. ವಿಮಾನ ಮದರಾಸಿನಿಂದ ಬರುತ್ತದೆ, ಇಲ್ಲಿ ಎಣ್ಣೆ ಹಾಕಿಸಿಕೊಂಡು ಮುಂಬಯಿ ಮೇಲೆ ಹಾಯ್ದು ಕರಾಚಿಗೆ ಹೋಗುತ್ತದೆ, ಬಳ್ಳಾರಿಯಿಂದ ಕರಾಚಿಗೆ ಸಾವಿರ ಮೈಲಿ, ಹಾರುವುದಕ್ಕೆ ಹತ್ತು ತಾಸು ಎಂದು ಆ ಪುಣ್ಯಾತ್ಮ ಹೇಳಿದ. ನಡುವೆ ಮುಂಬಯಿಯಲ್ಲಿ ಒಂದು ರಾತ್ರಿ ತಂಗುತ್ತದೆ ಎಂದೂ ಹೇಳಿದ್ದನಂತೆ. ಊರಿಗೆ ಬಂದು ಲೆಕ್ಕ ಹಾಕುವಾಗ ಅಣ್ಣ ಅದನ್ನು ಬಿಟ್ಟುಬಿಟ್ಟ.

"ಯಾಕಣ್ಣಾ?" ಎಂದು ಕೇಳಿದೆ.

"ತಂಗೂದು ಹಾರೂದಲ್ಲಲ್ಲೋ ತಮ್ಮಾ. ಅದು ಲೆಕ್ಕಕ್ಕ ಬರಂಗಿಲ್ಲ" ಎಂದ.

ನಾನು ಬೇಳೆ ತೂಗತೊಡಗಿದೆ. ಅಂದು ಅಲ್ಲಿಯೇ ಅವನನ್ನು ಹಿಡಿದು ನಿಲ್ಲಿಸಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ. ಆದರೆ ಅಣ್ಣನನ್ನು ಮಾತಿನ ನಡುವೆ ಹಿಡಿದು ನಿಲ್ಲಿಸಿದವರು ನಮ್ಮ ತಾಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಳಕಮ್ಮ, ಸಣ್ಣವಳು ಅನ್ನಮ್ಮ. ಕಳಕಮ್ಮನಿಗೆ ದೊಡ್ಡಬಸಪ್ಪನೆಂಬ ಒಳ್ಳೆಯ ವರ ಬಂತು. ಹುಡುಗ ಓದಿದವ, ಚಹಾ ಸಹ ಕುಡಿಯದವ. ಕೊರತೆ ಒಂದೇ. ಅವನು ಹತ್ತಿ ವ್ಯಾಪಾರಿಗಳ ಪೇಢಿಯಲ್ಲಿ ಕಾರಕೂನನಾಗಿದ್ದ, ಪೇಢಿ ಕರಾಚಿಯಲ್ಲಿತ್ತು.

ಆಗ ಕುಷ್ಟಗಿಯಿಂದ ಅಣ್ಣನ ಅತ್ತೆ ವಿರೂಪಾಕ್ಷಮ್ಮ ಬಂದಿಳಿದಳು. ಆಕೆಯ ತವರಿನಲ್ಲಿ ತಲೆತಲಾಂತರದಿಂದ ಒಂದು ಕಟ್ಟಳೆಯಿತ್ತು. ಹೆಣ್ಣನ್ನು ಒಂದು ಬುತ್ತಿಯ ಊರಿಗೇ ಕೊಡಬೇಕು. ಅಂದರೆ, ತವರಿನಲ್ಲಿ ಬೆಳಗಿನ ಜಾವ ಕಲಸಿ ಕಟ್ಟಿದ ಮೊಸರನ್ನದ ಬುತ್ತಿ ಹಳಸುವುದರೊಳಗೆ ಮಗಳ ಮನೆ ಮುಟ್ಟಬೇಕು. ಏಳು ತಿಂಗಳ ಬಸುರಿಗೆ ಕುಬಸ ಮಾಡುವಾಗ ತಾಯಿಯ ಕೈಯ ಬುತ್ತಿ ಹುಳಿಯಾಗದೆ ಮುಟ್ಟಿದರೆ ಮಾತ್ರ ಅದು ಬೀಗತನ. ಇಲ್ಲದಿದ್ದರೆ ಮಗಳನ್ನು ಬಾವಿಗೆ ನೂಕಿದ ಹಾಗೆ.

"ಕರಾಚಿ ಎಷ್ಟು ಬುತ್ತಿ ಊರಪಾ?" ಎಂದು ಆಕೆ ಕೇಳಿದಳು.

ಆಕೆಯ ಮಗಳು, ಅಂದರೆ ನಮ್ಮ ವೈನಿ ಗುರುಲಿಂಗಮ್ಮ, ಬಾಗಿಲ ಮರೆಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಮಾತುಕತೆಗೆ ಬಂದಿದ್ದ ವರನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣ ರುಮಾಲು ಸರಿಮಾಡಿಕೊಂಡ.

"ಒಂದೂ ಅಲ್ಲರಿ ಅತ್ತಿ, ಮುಕ್ಕಾಲು ಬುತ್ತಿ ಊರು. ವಿಮಾನದಾಗ ಹತ್ತು ತಾಸು. ಮುಂಜಾನಿ ಕಟ್ಟಿದ ಬುತ್ತಿ ದೀಪ ಹಚ್ಚೂದ್ರೊಳಗ ಮಗಳ ಕೈಯಾಗ! ಇಲ್ಲಿಂದ ನಿಮ್ಮ ಕುಷ್ಟಗಿಗಿ ಚಕ್ಕಡ್ಯಾಗ ಹೋದ್ರೂ ಅಷ್ಟ ಹೊತ್ತು ಹಿಡಿತೈತಿ."

ವಿರೂಪಾಕ್ಷಮ್ಮ ಒಪ್ಪಿದಳು. ಆದರೆ ಎದ್ದು ಹೋಗುವ ಮುನ್ನ ಒಂದು ಮಾತು ಹೇಳಿದಳು.

"ಛಲೋ ಆತು. ಏಳು ತಿಂಗಳಿಗಿ ಬುತ್ತಿ ಮುಟ್ಟಿಸಿ ತೋರಿಸು. ಮುಟ್ಟಲಿಲ್ಲಂದ್ರ ಸಣ್ಣಾಕಿ ಲಗ್ನದಾಗ ನೀ ಬಾಯಿ ತಗೀಬ್ಯಾಡ. ಅನ್ನಮ್ಮನ್ನ ನಾನ ಕುಷ್ಟಗಿಗಿ ಒಯ್ದು, ನಾನ ನೋಡಿ ಕೊಡತೇನಿ. ನಿನ್ನ ಕೈಯಾಗ ಎರಡನೇ ಕೂಸು ಕೊಡಂಗಿಲ್ಲ."

ಅಣ್ಣ ನಕ್ಕು, "ಅಡ್ಡಿಯಿಲ್ಲರಿ" ಎಂದ. ಹೆಣ್ಣು ಹೆತ್ತ ತಂದೆ ಇನ್ನೊಬ್ಬರ ಮುಂದೆ ಹೀಗೆ ನಗಬಾರದು.

ಲಗ್ನವಾಯಿತು, ಕಳಕಮ್ಮ ಕರಾಚಿಗೆ ಹೋದಳು. ಒಂದು ವರ್ಷ ಕಳೆದ ಮೇಲೆ ಬಸುರಿಯಾದ ಸುದ್ದಿ ಬಂತು. ಐದು ತಿಂಗಳಿನವರೆಗೆ ಅಣ್ಣ ಊರಿಗೆಲ್ಲ ಬತ್ತಾಸು ಹಂಚಿದ. ಆರಕ್ಕೆ ಅವನ ಮಾತು ಕಡಿಮೆಯಾಯಿತು. ಏಳು ತುಂಬುವ ಹೊತ್ತಿಗೆ, ಚಳಿಗಾಲದ ಒಂದು ಸಂಜೆ, ವಿರೂಪಾಕ್ಷಮ್ಮ ಗಂಟುಮೂಟೆಯೊಂದಿಗೆ ಮತ್ತೆ ಬಂದಿಳಿದಳು.

"ಬುತ್ತಿ ಯಾವಾಗ ಕಟ್ಟೂಣು?" ಎಂದು ಬಾಗಿಲಲ್ಲೇ ಕೇಳಿದಳು.

ಸುದ್ದಿ ಓಣಿಗೆ ಹಬ್ಬಿತು. ಯಲಬುರ್ಗಿಯಿಂದ ವಿಮಾನದಲ್ಲಿ ಬುತ್ತಿ ಹೋಗುತ್ತದೆ ಎಂದ ಮೇಲೆ ಯಾರು ಸುಮ್ಮನಿರುತ್ತಾರೆ? ಒಬ್ಬಳು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದಳು, ಇನ್ನೊಬ್ಬಳು ಶೇಂಗಾ ಹೋಳಿಗೆ, ಮತ್ತೊಬ್ಬಳು ಮಾದಲಿ. ಎದುರು ಮನೆಯ ಕುಬೇರಪ್ಪ ಹಲ್ಲಿಲ್ಲದ ಮುದುಕ. ಅವನಿಗೆ ಕೊಡಲು ಏನೂ ಇರಲಿಲ್ಲ, ಆದರೆ ಕೇಳಲು ಬೇಕಾದಷ್ಟಿತ್ತು.

"ಈಶಪ್ಪಾ, ವಿಮಾನ ವಾಲಿದ್ರ ಮೊಸರು ಚೆಲ್ಲಂಗಿಲ್ಲೇನು?"

"ವಾಲಂಗಿಲ್ಲರಿ ಕಾಕಾ. ಅದು ಗಾಳ್ಯಾಗ ಹೋಗತೈತಿ. ಗಾಳ್ಯಾಗ ತೆಗ್ಗು ಎಲ್ಲಿರತಾವ?"

"ಹೇಮಗುಡ್ಡದ ದುರ್ಗಮ್ಮನ ನೆತ್ತಿ ಮ್ಯಾಲೆ ಹಾಯ್ತೈತೇನು? ಹಾಯ್ದ್ರ ಛಲೋ ಅಲ್ಲ ನೋಡು. ಬಸುರಿ ಬುತ್ತಿ."

ಈ ಪ್ರಶ್ನೆಗೆ ಅಣ್ಣನ ಬಳಿ ಉತ್ತರವಿರಲಿಲ್ಲ. ಆದರೂ ಕೊಟ್ಟ. ವಿಮಾನ ನಡೆಸುವವನು ದೇವರ ಗುಡಿ ಕಂಡಲ್ಲಿ ಸ್ವಲ್ಪ ಬದಿಗೆ ತಿರುಗಿಸುತ್ತಾನೆ, ಇದು ದೊರೆಗಳ ಕಾನೂನು ಎಂದ. ಕುಬೇರಪ್ಪ ಸಮಾಧಾನದಿಂದ ಮನೆಗೆ ಹೋದ. ನಾನು ಮಾತ್ರ ಒಳಕೋಣೆಗೆ ಅಣ್ಣನನ್ನು ಕರೆದುಕೊಂಡು ಹೋಗಿ ಕೇಳಿದೆ.

"ಅಣ್ಣಾ, ಬಳ್ಳಾರಿಯಿಂದ ಕರಾಚಿಗಿ ಹತ್ತು ತಾಸು, ಖರೆ. ಯಲಬುರ್ಗಿಯಿಂದ ಬಳ್ಳಾರಿಗಿ?"

ಅಣ್ಣ ನನ್ನನ್ನು ನೋಡಿದ. ಎರಡು ವರ್ಷಗಳಲ್ಲಿ ಈ ಪ್ರಶ್ನೆ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲವೆಂಬುದು ಅವನ ಮುಖದಲ್ಲೇ ಕಂಡಿತು.

"ಅದು ನಮ್ಮ ಹಾದಿ. ಲೆಕ್ಕಕ್ಕ ಬರಂಗಿಲ್ಲ" ಎಂದ. ದನಿ ಮಾತ್ರ ಸಣ್ಣದಾಗಿತ್ತು.

ಮರುದಿನ ಬೆಳಗಿನ ಜಾವ ವೈನಿ ಮೊಸರನ್ನ ಕಲಸಿ, ಒಗ್ಗರಣೆ ಹಾಕಿ, ಹೊಸ ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಾಳೆ ಎಲೆ ಕಟ್ಟಿದಳು. ಕಟ್ಟುವಾಗ ಅತ್ತಳು. "ನನ್ನ ಮಗಳ ಬಾಯಿಗಿ ನನ್ನ ಕೈತುತ್ತು ಬೀಳತೈತೋ ಇಲ್ಲೋ" ಎಂದಳು. ರೊಟ್ಟಿ, ಹೋಳಿಗೆ, ಮಾದಲಿ ಎಲ್ಲ ಸೇರಿ ಎರಡು ಬುಟ್ಟಿ ತುಂಬಿದವು. ದೊಡ್ಡ ಬುಟ್ಟಿಯನ್ನು ನನ್ನ ತಲೆಯ ಮೇಲೆ ಇಟ್ಟು, ಸಣ್ಣದನ್ನು ಕೈಗೆ ಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ಪದ್ಧತಿಯಿಲ್ಲ.

ನೂರಸಾಬನ ಚಕ್ಕಡಿಯಲ್ಲಿ ತಲಕಲ್ ಸ್ಟೇಷನ್ನಿಗೆ ಹೊರಟೆವು. ನೂರಸಾಬ ಭಕ್ತಿಯ ಮನುಷ್ಯ, ಅಣ್ಣನ ಮಾತಿನಲ್ಲಿ ಅವನಿಗೆ ಪೂರ್ತಿ ನಂಬಿಕೆ. ಆದರೆ ಅವನ ಎತ್ತುಗಳಿಗೆ ಯಾವುದರಲ್ಲೂ ನಂಬಿಕೆಯಿರಲಿಲ್ಲ. ಹಳ್ಳ ಬಂದರೆ ನಿಲ್ಲುತ್ತಿದ್ದವು, ಏರು ಬಂದರೆ ನಿಲ್ಲುತ್ತಿದ್ದವು, ಎದುರಿಗೆ ಇನ್ನೊಂದು ಜೋಡಿ ಬಂದರೆ ನಿಂತು ಕ್ಷೇಮ ಸಮಾಚಾರ ವಿಚಾರಿಸುತ್ತಿದ್ದವು.

"ನೂರಸಾಬ, ಸ್ವಲ್ಪ ಜೋರು ಹೊಡೀಯೋ" ಎಂದ ಅಣ್ಣ.

"ಯಾಕ್ರಿ ಈಶಪ್ಪಾರ ಅವಸರ? ಮುಂದ ವಿಮಾನ ಐತಲ್ಲ, ಹೊತ್ತು ಅದು ಹೊಂದಸ್ತೈತಿ."

ಅಣ್ಣ ಗಡಿಗೆಯ ಬಾಯಿಗೆ ಮೂಗು ತಂದು ಮೂಸಿದ. ಮಧ್ಯಾಹ್ನ ಕಳೆದಿತ್ತು. ನಾವಿನ್ನೂ ತಲಕಲ್ಲಿನ ಗಿಡಗಳನ್ನೇ ನೋಡಿರಲಿಲ್ಲ.

ಸ್ಟೇಷನ್ನಿನ ಮಗ್ಗುಲಲ್ಲಿ ಸುಂಕದ ಕಟ್ಟೆ. ನಿಜಾಮ ಸರಕಾರದ ಸೀಮೆ ಬಿಟ್ಟು ಇಂಗ್ರೇಜಿ ಸೀಮೆಗೆ ಒಯ್ಯುವ ಮಾಲನ್ನು ಅಲ್ಲಿ ತೋರಿಸಬೇಕು. ಕಟ್ಟೆಯ ಕಾರಕೂನ ಕಂಬಳಿ ಹೊದ್ದು, ಬದುಕೇ ಸಾಕಾದವನಂತೆ ಕೂತಿದ್ದ. ಅವನನ್ನು ನೋಡಿ ನನಗೆ ನನ್ನವನೊಬ್ಬ ಸಿಕ್ಕಂತಾಯಿತು.

"ಬುಟ್ಟ್ಯಾಗ ಏನೈತಿ?"

"ಬುತ್ತಿ ರೀ ಸಾಹೇಬ್ರ. ಮಗಳಿಗಿ."

"ಎಲ್ಲದಾಳ ಮಗಳು?"

"ಕರಾಚ್ಯಾಗ."

ಕಾರಕೂನ ಕಂಬಳಿ ಸರಿಸಿ, ಎದ್ದು ಬಂದು, ಬುಟ್ಟಿಯೊಳಗೆ ನೋಡಿದ. "ಇಷ್ಟೂ ರೊಟ್ಟಿ ಒಬ್ಬಾಕಿ ತಿಂತಾಳೇನು? ಇದು ವ್ಯಾಪಾರ."

"ಬಸುರಿ ಹೆಣ್ಣಮಗಳು ರೀ."

"ಬಸುರಿ ಆದ್ರೇನು, ಪಲ್ಟನ್ನು ಹಡೀತಾಳೇನು? ಕರಾಚಿಗಿ ಹ್ಯಾಂಗ ಒಯ್ತೀರಿ, ರೈಲೇನು, ಹಡಗೇನು?"

ಅಣ್ಣ ಎದೆಯುಬ್ಬಿಸಿದ. ದಿನವಿಡೀ ಮೊದಲ ಸಲ ಅವನ ಮುಖದಲ್ಲಿ ಕಳೆ ಬಂತು. "ವಿಮಾನ ರೀ!"

ಕಾರಕೂನ ಮತ್ತೆ ಹೋಗಿ ಕೂತ. ಗಡ್ಡ ಕೆರೆದುಕೊಂಡು ಯೋಚಿಸಿದ. "ನೆಲದ ಮ್ಯಾಲೆ ಹೋಗೂ ಮಾಲಿಗಿ ಸುಂಕ ಐತಿ. ನೀರಿನ ಮ್ಯಾಲೆ ಹೋಗೂದಕ್ಕೂ ಐತಿ. ಗಾಳಿ ಮ್ಯಾಲೆ ಹೋಗೂ ರೊಟ್ಟಿಗಿ ಎಷ್ಟಂತ ನನಗ ಯಾರೂ ಹೇಳಿಲ್ಲ. ರಾಯಚೂರಿಗಿ ಬರದು ಕೇಳಬೇಕು. ಜವಾಬು ಬರೂತನಾ ಬುಟ್ಟಿ ಇಲ್ಲೇ ಇರಲಿ."

"ಬುತ್ತಿ ಹಳಸತೈತಿ ಸಾಹೇಬ್ರ!"

"ಇಲ್ಲಿ ಬಂದದ್ದು ಎಲ್ಲಾ ಹಳಸತೈತಿ. ನಾನೂ ಬಂದಾಗ ತಾಜಾ ಇದ್ದೆ."

ಅಣ್ಣ ಕೈಮುಗಿದ. ಮಗಳ ಹೆಸರು ಹೇಳಿದ, ಏಳು ತಿಂಗಳು ಎಂದ, ವೈನಿ ಅತ್ತದ್ದನ್ನು ಹೇಳಿದ. ಅತ್ತೆಯ ಷರತ್ತನ್ನು ಹೇಳಿದ ಕೂಡಲೇ ಕಾರಕೂನನ ಮುಖ ಬದಲಾಯಿತು. ಅವನಿಗೂ ಒಬ್ಬಳು ಅತ್ತೆ ಇದ್ದಳೆಂದು ಕಾಣುತ್ತದೆ.

"ಹೋಗ್ರಿ, ಹೋಗ್ರಿ. ನಾನು ನಿಮ್ಮನ್ನ ನೋಡಿಲ್ಲ" ಎಂದು ಮತ್ತೆ ಕಂಬಳಿ ಎಳೆದುಕೊಂಡ.

ನೂರಸಾಬನಿಗೆ ತಲಕಲ್ಲಿನಲ್ಲಿ ಬೀಗರಿದ್ದರು. ಮರುದಿನ ಸಂಜೆಯವರೆಗೆ ಕಾಯುತ್ತೇನೆ ಎಂದ. ನಾವು ರೈಲು ಹತ್ತಿದೆವು. ಎಲ್ಲೆಲ್ಲೂ ನಿಲ್ಲುವ ರೈಲು, ಕೂರಲು ಒಬ್ಬನಿಗಷ್ಟೇ ಜಾಗ. ಗಡಿಗೆಯನ್ನು ಅಣ್ಣ ತೊಡೆಯ ಮೇಲೆ ಇಟ್ಟುಕೊಂಡ, ದೊಡ್ಡ ಬುಟ್ಟಿಯನ್ನು ನಾನು ತಲೆಯ ಮೇಲೆಯೇ ಇಟ್ಟುಕೊಂಡೆ. ಹೊಸಪೇಟೆ ದಾಟುವಾಗ ಗಡಿಗೆಯಿಂದ ಒಂದು ಸಣ್ಣ ವಾಸನೆ ಎದ್ದಿತು. ಅಣ್ಣ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ.

ಬೆಳಿಗ್ಗೆ ಬಳ್ಳಾರಿಯ ಮೈದಾನಕ್ಕೆ ಹೋಗಿ ನೋಡಿದರೆ ಅಲ್ಲಿ ಆಡುಗಳು ಮೇಯುತ್ತಿದ್ದವು. ವಿಮಾನ ಇಳಿಯುವ ಗುರುತಿಗೆಂದು ನೆಲದ ಮೇಲೆ ಸುಣ್ಣದಲ್ಲಿ ಬರೆದ ಒಂದು ದೊಡ್ಡ ವೃತ್ತ ಮಾಸಿಹೋಗಿತ್ತು. ಅದರ ನಟ್ಟನಡುವೆ ಒಬ್ಬ ಮುದುಕ ಕೂತು ಚಿಲುಮೆ ಸೇದುತ್ತಿದ್ದ. ಶಫೀಸಾಬನೆಂದು ಹೆಸರು, ಮೈದಾನದ ಕಾವಲುಗಾರನಂತೆ.

"ವಿಮಾನ ಎಷ್ಟೊತ್ತಿಗಿ ಬರತೈತ್ರಿ?" ಎಂದ ಅಣ್ಣ.

"ಯಾವ ವಿಮಾನ?"

"ಕರಾಚಿ ವಿಮಾನ ರೀ. ಟಪಾಲಿಂದು."

"ಅದಾ? ಅದು ಇಲ್ಲಿ ಇಳಿಯೂದು ಬಿಟ್ಟು ಭಾಳ ದಿನ ಆತು. ಈಗ ಹೈದರಾಬಾದಿಗಿ ಹೋಗತೈತಿ."

ಅಣ್ಣ ಬಾಯಿ ತೆರೆದ, ಮುಚ್ಚಿದ. ಅವನ ಬಾಯಿ ಮಾತಿಲ್ಲದೆ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ, "ಮತ್ತ ನೀವು ಇಲ್ಲಿ ಏನು ಕಾಯ್ತೀರಿ?" ಎಂದು ಕೇಳಿದ.

"ವಿಮಾನ ಬರಂಗಿಲ್ಲ ಅಂತ ಹೇಳಾಕ ಯಾರರ ಒಬ್ಬ ಇರಬೇಕಲ್ರಿ" ಎಂದ ಶಫೀಸಾಬ. ಬುಟ್ಟಿಗಳನ್ನು ನೋಡಿ, "ಬಂದಿದ್ರೂ ಇದನ್ನ ಒಯ್ಯತಿರಲಿಲ್ಲ ಬಿಡ್ರಿ. ಕಾಗದ ಅಷ್ಟ ಒಯ್ತಾರ. ಮನಿಷಾ ಒಬ್ಬ ಹೋಗತೇನಂದ್ರೂ ಟಪಾಲು ಚೀಲದ ಮ್ಯಾಲೆ ಕುಂಡ್ರಬೇಕು" ಎಂದು ಸೇರಿಸಿದ.

ಅಣ್ಣ ಸುಣ್ಣದ ವೃತ್ತದ ಅಂಚಿನಲ್ಲಿ ಕುಸಿದು ಕೂತ. ಗಡಿಗೆಯನ್ನು ಮಾತ್ರ ನೆಲಕ್ಕೆ ಇಡಲಿಲ್ಲ.

"ತಮ್ಮಾ, ಹೈದರಾಬಾದಿಗಿ ಎಷ್ಟು ದಿನ?" ಎಂದ.

"ಲೆಕ್ಕಕ್ಕ ಬರಂಗಿಲ್ಲ" ಎಂದೆ.

ಹೇಳಬಾರದಿತ್ತು. ಅಣ್ಣನ ಕಣ್ಣಲ್ಲಿ ನೀರು ಬಂತು. "ಅತ್ತಿ ಅನ್ನಮ್ಮನ್ನ ಒಯ್ತಾಳೋ. ಒಯ್ಯಲಿ, ನನ್ನ ಬಾಯಿಗಿ ಬುದ್ಧಿ ಬರಲಿ. ಆದ್ರ ಅಲ್ಲಿ ಕಳಕಮ್ಮ ಹಾದಿ ನೋಡತಿರತಾಳ. ಅಪ್ಪ ಬುತ್ತಿ ಕಳಸ್ತಾನ, ಅಪ್ಪ ಹೇಳಿದ್ದು ಸುಳ್ಳಾಗಂಗಿಲ್ಲಂತ ಕುಂತಿರತಾಳ" ಎಂದ. ನನಗೆ ಬೇಸರವೂ ಆಯಿತು, ಪಾಪವೂ ಅನಿಸಿತು. ಬುಟ್ಟಿ ಹೊತ್ತ ಕುತ್ತಿಗೆ ಬೇರೆ ತಿರುಗುತ್ತಿರಲಿಲ್ಲ. ಶಫೀಸಾಬನಿಗೆ ನಾಲ್ಕು ಹೋಳಿಗೆ ಕೊಟ್ಟು, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟೆವು.

ಸಂಜೆಗೆ ತಲಕಲ್ಲಿನಲ್ಲಿ ಇಳಿದೆವು. ಆ ಕಡೆಯಿಂದ, ಗದಗಿನಿಂದ ಬಂದ ರೈಲು ಆಗಲೇ ಜನರನ್ನು ಇಳಿಸಿ ಪಕ್ಕದ ಹಳಿಯ ಮೇಲೆ ನಿಂತಿತ್ತು. ಬೇವಿನ ಗಿಡದ ಕೆಳಗೆ ಒಂದು ಟ್ರಂಕು, ಟ್ರಂಕಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತ ಒಂದು ಹೆಣ್ಣುಮಗಳು.

"ಅಪ್ಪಾ!" ಎಂದಿತು ಆ ಹೆಣ್ಣುಮಗಳು.

ಕಳಕಮ್ಮ! ಅಣ್ಣ ನಿಂತಲ್ಲೇ ನಿಂತ. ದೆವ್ವ ಕಂಡವರು ಸಹ ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದಿಲ್ಲ.

"ಹ್ಯಾಂಗ ಬಂದೀ ತಂಗೀ?" ಎಂದು ನಾನೇ ಕೇಳಿದೆ.

"ರೈಲಿನ್ಯಾಗ ಕಾಕಾ. ಕೊಪ್ಪಳದ ಹತ್ತಿ ವ್ಯಾಪಾರಸ್ಥರ ಮನಿ ಮಂದಿ ಊರಿಗಿ ಹೊಂಟಿದ್ರು, ಅವರ ಕೂಡ ಕಳಸ್ಯಾರ. ನನಗ ಇಲ್ಲಿ ಇಳಿಸಿ ಅವರು ಅದ ರೈಲಿನ್ಯಾಗ ಮುಂದ ಹೊಂಟಾರ. ಬರತೇನಂತ ಕಾಗದಾ ಹಾಕಿದ್ನಲ್ಲ! ಅದು ಮುಟ್ಟಿದ್ದಕ್ಕ ಬಂದೀರಿ ಅನ್ರಿ, ಬುತ್ತಿ ಸೈತ ತಂದೀರಿ!" ಎಂದು ಗಡಿಗೆಗೆ ಕೈಹಾಕಿದಳು.

"ಬ್ಯಾಡ! ಬ್ಯಾಡವ್ವಾ! ಅದು ಹಳಸೈತಿ" ಎಂದು ಅಣ್ಣ ಗಡಿಗೆಯನ್ನು ಹಿಂದಕ್ಕೆ ಎಳೆದ.

ಅವಳು ಬಿಡಲಿಲ್ಲ. ಎಲೆ ಬಿಚ್ಚಿ ಮೂಸಿದಳು. ಅವಳ ಮುಖ ಅರಳಿತು. "ಹುಳಿ ಬಂದೈತಿ ಅಪ್ಪಾ! ಎರಡು ತಿಂಗಳಾತು, ಹುಳಿ ಹುಳಿ ಮೊಸರನ್ನ ತಿನಬೇಕಂತ ಬಾಯಿ ಬಡಕೊಳ್ಳಾಕ ಹತ್ತೈತಿ. ಅಲ್ಲೆ ದಿನಾ ತಾಜಾ ಮೊಸರು ತಂದು ಕೊಟ್ಟು ಸಾಯ ಹೊಡದ್ರು. ಅವ್ವನಿಗಿ ಹ್ಯಾಂಗ ತಿಳೀತು?"

ಬೇವಿನ ಗಿಡದ ಬುಡದಲ್ಲಿ ಕೂತು ಅವಳು ಆ ಬುತ್ತಿಯನ್ನು ಉಣ್ಣುವುದನ್ನು ನಾವಿಬ್ಬರೂ ನಿಂತು ನೋಡಿದೆವು. ಸಾಕು ಎಂದು ನಾನು ಎರಡು ಸಲ ಹೇಳಿದೆ, ಕೇಳಲಿಲ್ಲ. ಅಣ್ಣ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ. ಬೆವರಿಗೆಂದು ಹೇಳಿದ, ಚಳಿಗಾಲದಲ್ಲಿ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಚಕ್ಕಡಿಯ ಕೆಳಗೆ ಮಲಗಿದ್ದ ನೂರಸಾಬ ಕಣ್ಣು ತಿಕ್ಕಿಕೊಂಡು ಎದ್ದು ನೋಡಿದ. ನಿನ್ನೆ ಬುತ್ತಿ ಹೋಗಿತ್ತು. ಇವತ್ತು ಗಡಿಗೆ ಖಾಲಿ, ಕರಾಚಿಯ ಮಗಳು ಎದುರಿಗೆ.

"ಯಾ ಅಲ್ಲಾ!" ಎಂದು ಕೂಗಿದ. "ನಿನ್ನಿ ಹೋಗಿ ಇವತ್ತ ಕರಕೊಂಡ ಬಂದೀರೇನ್ರಿ ಈಶಪ್ಪಾರ! ಇದು ವಿಮಾನ ಅಲ್ರಿ, ಕರಾಮತ್ತು!"

ಅಣ್ಣ ಏನೋ ಹೇಳಹೋದ. ಎರಡು ದಿನ ನಿದ್ದೆಯಿಲ್ಲದವನ ಬಾಯಿಂದ ಆಕಳಿಕೆ ಮಾತ್ರ ಬಂತು. ನಾನೂ ಹೇಳಬಹುದಿತ್ತು, ನನಗೆ ಕುತ್ತಿಗೆ ನೋವು. ಕಳಕಮ್ಮ ಹೊಟ್ಟೆ ತುಂಬಿ ಚಕ್ಕಡಿಯಲ್ಲಿ ಮಲಗಿಬಿಟ್ಟಳು. ದಾರಿಯುದ್ದಕ್ಕೂ ಎದುರು ಬಂದ ಒಂದೊಂದು ಚಕ್ಕಡಿಗೂ ನೂರಸಾಬ ಸುದ್ದಿ ಹೇಳಿದ. ಎತ್ತುಗಳು ಅದಕ್ಕೆಂದೇ ನಿಂತವು. ನಾವು ಊರು ಮುಟ್ಟುವ ಮೊದಲೇ ಊರಿಗೆ ಎಲ್ಲ ಗೊತ್ತಾಗಿತ್ತು.

ಆಮೇಲೆ ಎಂಟು ದಿನ ನಮ್ಮ ಅಂಗಡಿಯಲ್ಲಿ ಬೇಳೆ ಕೊಳ್ಳಲು ಬಂದವರಿಲ್ಲ, ಕರಾಚಿಯಲ್ಲಿ ಇನ್ನೂ ವರಗಳಿದ್ದರೆ ಹೇಳಿ ಎಂದು ಬಂದವರೇ ಎಲ್ಲ. ಅಣ್ಣ ಎಲ್ಲರಿಗೂ ನಿಜ ಹೇಳಿದ. ವಿಮಾನ ಬರಲಿಲ್ಲ, ಆಡು ಮೇಯುತ್ತಿದ್ದವು ಎಂದ. ಜೀವಮಾನದಲ್ಲಿ ಮೊದಲ ಸಲ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು, ಜನ ನಂಬಲಿಲ್ಲ. "ದೊಡ್ಡವರು ದೊಡ್ಡಸ್ತಿಕಿ ತೋರಸಂಗಿಲ್ಲ" ಎಂದು ಕುಬೇರಪ್ಪ ಕೈಮುಗಿದ. ವಿರೂಪಾಕ್ಷಮ್ಮ ಮಾತ್ರ ಏನೂ ಕೇಳಲಿಲ್ಲ. ಕಳಕಮ್ಮನ ತಲೆಗೆ ಎಣ್ಣೆ ಹಚ್ಚುತ್ತ, ಅಣ್ಣನನ್ನು ಓರೆಗಣ್ಣಿನಿಂದ ನೋಡುತ್ತ ಕೂತಿರುತ್ತಿದ್ದಳು. ಅನ್ನಮ್ಮನ ಬಟ್ಟೆಯ ಗಂಟು ಕಟ್ಟಿಟ್ಟಿದ್ದಳು, ಒಯ್ಯಲೂ ಇಲ್ಲ, ಬಿಚ್ಚಲೂ ಇಲ್ಲ. ಅಣ್ಣನಿಗೆ ಅನ್ನ ಸೇರದಾಯಿತು.

ಒಂಬತ್ತನೆಯ ದಿನ ಟಪಾಲಿನವ ಬಂದ. ನೀಲಿ ಚೀಟಿ ಅಂಟಿಸಿದ ಲಕೋಟೆ, ವಿಮಾನದ ಟಪಾಲು. ಎಲ್ಲೆಲ್ಲಿ ಹಾರಿ, ಎಲ್ಲೆಲ್ಲಿ ತಂಗಿ ಬಂದಿತ್ತೋ. ಮನೆಯ ಮುಂದಿನ ಅಂಗಡಿ ಕಟ್ಟೆಯ ಮೇಲೆ ನೂರಸಾಬ, ಕುಬೇರಪ್ಪ ಎಲ್ಲರೂ ಇದ್ದರು. ಅಣ್ಣ ಒಡೆದು ಗಟ್ಟಿಯಾಗಿ ಓದಿದ. 'ತೀರ್ಥರೂಪರಿಗೆ ಕಳಕಮ್ಮನ ಶರಣು. ನಾನು ನಾಳೆ ರೈಲಿಗೆ ಹೊರಡುತ್ತೇನೆ. ತಲಕಲ್ಲಿಗೆ ಬನ್ನಿರಿ. ಬರುವಾಗ ಬುತ್ತಿ ತನ್ನಿರಿ.'

ನೂರಸಾಬ ಒಮ್ಮೆ ಕಾಗದವನ್ನು, ಒಮ್ಮೆ ಕಳಕಮ್ಮನನ್ನು ನೋಡಿದ. ಅವನ ಮುಖ ನೋಡಿ ನನಗೇ ಕೆಟ್ಟದೆನಿಸಿತು.

ವಿರೂಪಾಕ್ಷಮ್ಮ ಎಣ್ಣೆಯ ಕೈ ಒರೆಸಿಕೊಂಡು ಎದ್ದಳು. "ರೈಲಿನ್ಯಾಗ ಬಂದಾಕಿ ಬಂದು, ಉಂಡು, ಎಂಟು ಸಲ ತಲಿ ಎರಕೊಂಡಳು. ವಿಮಾನದಾಗ ಬಂದಿದ್ದು ಈಗ ಬಂತು. ಹೌದಿಲ್ಲೋ ಈಶಪ್ಪಾ?"

"ಹೌದ್ರಿ ಅತ್ತಿ."

"ಬುತ್ತಿ ಹಳಸಿತ್ತೋ ಇಲ್ಲೋ?"

"ಹಳಸಿತ್ರಿ" ಎಂದ ಅಣ್ಣ, ತಲೆ ತಗ್ಗಿಸಿ.

"ಆದ್ರ ಮುಟ್ಟಿತು, ಆಯಿ!" ಎಂದಳು ಕಳಕಮ್ಮ. "ಅಷ್ಟು ಛಲೋ ಬುತ್ತಿ ನಾ ಹುಟ್ಟಿ ಉಂಡಿಲ್ಲ."

ಮುದುಕಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ವೈನಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಕೊನೆಗೆ ಮುದುಕಿ ಅನ್ನಮ್ಮನನ್ನು ಕರೆದು, ಬಟ್ಟೆಯ ಗಂಟನ್ನು ಅವಳ ಕೈಗೆ ಕೊಟ್ಟಳು. "ಒಳಗ ಇಡು ಹೋಗವ್ವಾ. ನಿಮ್ಮಪ್ಪ ಹೊತ್ತು ತಿರುಗಿದ್ದು ಖರೆ, ಹಳಸಿತು ಅಂದದ್ದೂ ಖರೆ. ಈಕಿನ್ನ ಆತನ ಕೊಡಲಿ." ಮತ್ತೆ ಅಣ್ಣನ ಕಡೆ ತಿರುಗಿದಳು. "ಹೇಳಪಾ, ಸಣ್ಣಾಕಿನ್ನ ಎಲ್ಲಿಗಿ ಕೊಡಬೇಕಂತ ಮಾಡೀ? ಈ ಸಲ ಹಾದಿ ಪೂರಾ ಲೆಕ್ಕಕ್ಕ ಹಿಡಿ."

ಎಲ್ಲರೂ ಅಣ್ಣನ ಮುಖ ನೋಡಿದರು. ಅವನು ಸೊಂಟಕ್ಕೆ ಕೈಕೊಟ್ಟು ಯೋಚಿಸಿದ. ಕಣ್ಣ ಮುಂದೆ ಆ ಎತ್ತುಗಳು ಹಾದುಹೋದವೆಂದು ಕಾಣುತ್ತದೆ.

"ತಲಕಲ್ಲೂ ಭಾಳ ದೂರ ಆತ್ರಿ ಅತ್ತಿ," ಎಂದ. "ಎದುರು ಮನಿಗಿ ಕೊಡೂಣ್ರಿ."

ಎದುರು ಮನೆಯಲ್ಲಿದ್ದ ಗಂಡಸೆಂದರೆ ಹಲ್ಲಿಲ್ಲದ ಕುಬೇರಪ್ಪ ಒಬ್ಬನೇ. ಅವನು ಗಾಬರಿಯಾಗಿ ಎದ್ದು ನಿಂತ. ಅಣ್ಣನಿಗೆ ಅದನ್ನು ತಿಳಿಸಿ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನಾನು ಒಳಗೆ ಹೋಗಿ ಬೇಳೆ ತೂಗತೊಡಗಿದೆ.